ಹೈಜಂಪ್ ಬೆಡ್ ಕೊಳ್ಳುವ ಮುಂಚೆ: ಒಂದು ಕಾಲಿಗೆ ಬಲವಿಲ್ಲದ ಹುಡುಗನನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಹೈಜಂಪ್ ಸೆಟ್ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಬಾರ್ ಮೇಲೆ. ಎಷ್ಟು ಎತ್ತರದವರೆಗೆ ಏರಿಸಬಹುದು, ಸ್ಟ್ಯಾಂಡ್ ಕಬ್ಬಿಣದ್ದೋ ಅಲ್ಯೂಮಿನಿಯಂದೋ ಎಂದು ಕೇಳುತ್ತಾರೆ. ನಾನು ಇಲ್ಲಿ ಹೆಚ್ಚು ಬರೆಯುವುದು ಹಾರಿದವರು ಬೀಳುವ ಮೆತ್ತನೆಯ ಬೆಡ್ ಬಗ್ಗೆ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳೂ ಊರಿನ ದಾನಿಗಳೂ ಸೇರಿ ನಮಗೊಂದು ಸೆಟ್ ಕೊಡಿಸಿದರು. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೀರತ್ ಕಡೆ ತಯಾರಾಗಿ ಬೆಂಗಳೂರಿನ ಡೀಲರ್ ಮೂಲಕ ಬಂದ ಮಾಲು. ಇದೇ ಫೋಮ್, ಇದೇ ಹೊಲಿಗೆ ಬೇರೆ ಬೇರೆ ಲೇಬಲ್ಲಿನಲ್ಲಿ ಮಾರಾಟವಾಗುತ್ತದೆ, ಹಾಗಾಗಿ ಕಂಪನಿಯ ಹೆಸರು ಬರೆಯುತ್ತಿಲ್ಲ. ಏನು ನೋಡಿ ಕೊಳ್ಳಬೇಕು ಎನ್ನುವುದು ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಂದದ್ದು ಇಷ್ಟು: ಎರಡು ಸ್ಟ್ಯಾಂಡ್, ಒಂದು ಫೈಬರ್ ಬಾರ್, ಮೂರು ತುಂಡಿನ ಫೋಮ್ ಬೆಡ್, ಅದರ ಮೇಲೆ ಹಾಸುವ ಒಂದು ತೆಳ್ಳನೆಯ ಶೀಟ್. ಬೆಡ್ ಜೋಡಿಸಿದರೆ 5 ಮೀಟರ್ ಉದ್ದ, 3 ಮೀಟರ್ ಅಗಲ, 60 ಸೆಂ.ಮೀ. ದಪ್ಪ. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಬೇಕಾದದ್ದು ಕನಿಷ್ಠ 6 ಮೀಟರ್ ಉದ್ದ, 4 ಮೀಟರ್ ಅಗಲ, 70 ಸೆಂ.ಮೀ. ದಪ್ಪ. ಅಷ್ಟು ದೊಡ್ಡದಕ್ಕೆ ನಮ್ಮ ದುಡ್ಡು ಸಾಲಲಿಲ್ಲ, ಶಾಲೆಯ ಮಟ್ಟಕ್ಕೆ ಅಗತ್ಯವೂ ಇರಲಿಲ್ಲ. ಸಾಗಾಣಿಕೆ ಸೇರಿ ಎರಡೂವರೆ ಲಕ್ಷ ರೂಪಾಯಿಯ ಆಸುಪಾಸು ಆಯಿತು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು: "ಮೇಡಂ, ಮರಳು ಹಾಕಿದ ಪಿಟ್ ಇದೆಯಲ್ಲ, ಇಷ್ಟು ದುಡ್ಡು ಸ್ಪಂಜಿಗೆ ಯಾಕೆ?" ನಾನು ಅವರಿಗೆ ಕೊಟ್ಟ ಉತ್ತರವೇ ಈ ವಿಮರ್ಶೆಯ ತಿರುಳು.

ನಮ್ಮ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹುಟ್ಟಿನಿಂದಲೇ ಎಡಗಾಲು ಗಿಡ್ಡ, ಮಂಡಿಯಿಂದ ಕೆಳಗೆ ಸಪೂರ, ಪಾದ ಪೂರ್ತಿ ನೆಲಕ್ಕೆ ಕೂರುವುದಿಲ್ಲ. ಬಲಗಾಲು ಮಾತ್ರ ಗಟ್ಟಿ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಕಂಚು ಗೆದ್ದ ಜಿಗಿತವನ್ನು ಅಣ್ಣನ ಫೋನಿನಲ್ಲಿ ನೋಡಿಕೊಂಡು ಬಂದು, "ಮಿಸ್, ನಾನೂ ಹಾರ್ಲಾ?" ಎಂದ. ಆ ಹೊತ್ತಿಗೆ ನಮ್ಮಲ್ಲಿ ಇದ್ದದ್ದು ಮರಳಿನ ಪಿಟ್ ಒಂದೇ. ಮಳೆ ಬಂದು ಬಿಸಿಲಾದರೆ ಮೇಲ್ಪದರ ಗಡಸಾಗುತ್ತದೆ, ಸಲಿಕೆ ಹಿಡಿದು ಕೆದಕದಿದ್ದರೆ ನೆಲಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಎರಡು ಕಾಲೂ ಸರಿಯಿರುವ ಮಕ್ಕಳು ಅದರಲ್ಲಿ ಕತ್ತರಿ ಜಿಗಿತ ಹಾರಿ ನಿಂತುಕೊಳ್ಳುತ್ತಾರೆ. ಇವನನ್ನು ಅಲ್ಲಿ ಹಾರಿಸಲು ನನಗೆ ಧೈರ್ಯ ಬರಲಿಲ್ಲ. ಯಾಕೆ ಎಂದು ಹೇಳಬೇಕಾದರೆ ನಮ್ಮ ಜಿಲ್ಲೆಯ ಗಿರೀಶ್ ಅವರಿಂದ ಶುರು ಮಾಡಬೇಕು.

ಎಚ್.ಎನ್. ಗಿರೀಶ್, ಪೂರ್ತಿ ಹೆಸರು ಗಿರೀಶ ಹೊಸನಗರ ನಾಗರಾಜೇಗೌಡ. 1988ರ ಜನವರಿ 26ರಂದು ಹುಟ್ಟಿದವರು, ಹುಟ್ಟಿನಿಂದಲೇ ಎಡಗಾಲಿನ ಊನ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಒಂದೇ ಒಂದು ಪದಕ. ಆ ಬೆಳ್ಳಿ ಅವರದು. ಪುರುಷರ ಹೈಜಂಪ್, ಕಾಲಿನ ಊನ ಹೆಚ್ಚಿರುವವರ ಎಫ್42 ವಿಭಾಗ, 1.74 ಮೀಟರ್. ಮರುವರ್ಷ ಪದ್ಮಶ್ರೀ, ಅದರ ಮರುವರ್ಷ ಅರ್ಜುನ ಪ್ರಶಸ್ತಿ ಬಂತು. ನಮ್ಮ ಜಿಲ್ಲೆಯ ಕ್ರೀಡಾಕೂಟಗಳ ವೇದಿಕೆಯಲ್ಲಿ ಅವರ ಹೆಸರು ಈಗಲೂ ಕೇಳುತ್ತದೆ. ಆದರೆ ಅವರು ಹೇಗೆ ಹಾರಿದರು ಎನ್ನುವುದನ್ನು ಯಾರೂ ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ.

ಅವರು ಹಾರಿದ್ದು ಕತ್ತರಿ ಜಿಗಿತದಲ್ಲಿ, ನಮ್ಮ ಹಳ್ಳಿ ಶಾಲೆಗಳಲ್ಲಿ ಎಲ್ಲರೂ ಮೊದಲು ಕಲಿಯುವ ಅದೇ ಸಿಸರ್ಸ್. ಈ ಜಿಗಿತದಲ್ಲಿ ಬಾರ್‌ನಿಂದ ದೂರ ಇರುವ ಕಾಲಿನಿಂದ ನೆಲ ಒದ್ದು ಮೇಲೇಳಬೇಕು. ಬಾರ್‌ಗೆ ಹತ್ತಿರ ಇರುವ ಕಾಲು ಮೊದಲು ಬೀಸಿ ದಾಟುತ್ತದೆ, ಅದರ ಹಿಂದೆ ಒದ್ದ ಕಾಲು ದಾಟುತ್ತದೆ. ಮೊದಲು ದಾಟಿದ ಕಾಲೇ ಮೊದಲು ಇಳಿಯುವುದು. ಈಗ ಒಂದು ಕಾಲಿಗೆ ಬಲವಿಲ್ಲದವರ ಲೆಕ್ಕ ಹಾಕಿ. ಒದೆಯಲು ಗಟ್ಟಿ ಕಾಲೇ ಬೇಕು, ಬೇರೆ ದಾರಿಯಿಲ್ಲ. ಅಂದ ಮೇಲೆ ಬೀಸಿ ದಾಟುವುದು ಊನವಿರುವ ಕಾಲು. ಇಳಿಯುವಾಗ ಇಡೀ ಮೈಭಾರ ಮೊದಲು ಬೀಳುವುದೂ ಆ ಕಾಲಿನ ಮೇಲೆಯೇ. ಹಾರುವುದಕ್ಕೆ ಒಳ್ಳೆಯ ಕಾಲು, ಬೀಳುವುದಕ್ಕೆ ಕೆಟ್ಟ ಕಾಲು. ಎತ್ತರ ಹೆಚ್ಚಿದಷ್ಟೂ ಹಾರಿದ ಕಾಲಿಗೆ ಹೆಸರು, ಬಿದ್ದ ಕಾಲಿಗೆ ಪೆಟ್ಟು.

ಆ ಕಾಲು ಇಳಿಯುವ ಜಾಗ ಮೆತ್ತಗಿಲ್ಲದಿದ್ದರೆ ಮಗು ಎರಡನೇ ಸಲ ಹಾರಲು ಹೆದರುತ್ತದೆ. ಹೆದರಿದ ಮಗುವಿಗೆ ನಾವು "ನಿನ್ನ ಕೈಲಿ ಆಗಲ್ಲ ಬಿಡು" ಎನ್ನುತ್ತೇವೆ. ಎಷ್ಟೋ ಶಾಲೆಗಳಲ್ಲಿ ಇಂಥ ಮಕ್ಕಳ ಕ್ರೀಡಾಜೀವನ ಮುಗಿಯುವುದು ಅಲ್ಲಿಗೇ, ಅವರ ಕಾಲಿನ ಕಾರಣಕ್ಕಲ್ಲ, ನಮ್ಮ ಪಿಟ್ಟಿನ ಕಾರಣಕ್ಕೆ. ಸಭೆಯಲ್ಲಿ ನಾನು ಇಷ್ಟನ್ನೂ ಒಂದು ಬೆಂಚು, ಒಂದು ಕೋಲು ಇಟ್ಟು ತೋರಿಸಿದೆ. ಕೇಳಿದವರೇ ಮೊದಲ ಚೆಕ್ ಬರೆದರು.

ಈಗ ಮಾಲಿನ ಗುಣ. ಮೊದಲು ಫೋಮ್. ಮಾರುವವರು ಡೆನ್ಸಿಟಿ ಎಂದು ಒಂದು ಸಂಖ್ಯೆ ಹೇಳುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎನ್ನುವುದು ಅದು. ಸಂಖ್ಯೆ ತೀರಾ ಕಡಿಮೆಯಾದರೆ ಕೈಯಲ್ಲಿ ಒತ್ತಿದಾಗ ಹಿತವಾಗಿರುತ್ತದೆ, ಎತ್ತರದಿಂದ ಬಿದ್ದಾಗ ಮಾತ್ರ ಬುಡಕ್ಕೆ ತಾಗುತ್ತದೆ, ಕೆಲವೇ ತಿಂಗಳಲ್ಲಿ ನಡುವೆ ಗುಂಡಿ ಬೀಳುತ್ತದೆ. ನಾವು 32 ಕೇಳಿದೆವು. ಬಂದ ಬೆಡ್ಡನ್ನು ಪರೀಕ್ಷಿಸಲು ಸುಲಭದ ಒಂದು ದಾರಿ ಇದೆ. ಮಂಡಿಯೂರಿ, ಮೈಭಾರವನ್ನೆಲ್ಲ ಒಂದು ಮಂಡಿಗೆ ಕೊಟ್ಟು ನೋಡಿ. ನೆಲ ಗೊತ್ತಾದರೆ ಆ ಬೆಡ್ ವಾಪಸ್ ಕಳಿಸಿ. ನಮ್ಮದರಲ್ಲಿ ನಡುವಿನ ತುಂಡು, ಎಡದ ತುಂಡು ಚೆನ್ನಾಗಿವೆ. ಬಲದ ತುಂಡು ಸ್ವಲ್ಪ ಮೆದು, ಒಳಗೆ ಫೋಮ್ ಚೂರುಗಳನ್ನು ಅಂಟಿಸಿ ಸೇರಿಸಿದ್ದಾರೆ ಎಂದು ಜಿಪ್ ಬಿಚ್ಚಿದಾಗ ಗೊತ್ತಾಯಿತು. ದೂರು ಹೇಳಿದ್ದಕ್ಕೆ ಡೀಲರ್ ಒಂದು ಹಾಳೆ ಗಟ್ಟಿ ಫೋಮ್ ಹೆಚ್ಚಿಗೆ ಕಳಿಸಿದರು. ಅದನ್ನು ಒಳಗೆ ತುರುಕಿದ ಮೇಲೆ ಸಮ ಬಂತು. ಕೇಳಿದ ತಕ್ಷಣ ಸ್ಪಂದಿಸಿದ್ದು ಅವರ ಒಳ್ಳೆಯತನ, ಆದರೆ ಎರಡೂವರೆ ಲಕ್ಷದ ವಸ್ತುವಿನಲ್ಲಿ ಚೂರು ಫೋಮ್ ಇರಬಾರದಿತ್ತು.

ಎರಡನೆಯದು, ತುಂಡುಗಳ ನಡುವಿನ ಸಂದು. ಇದನ್ನು ಕೊಳ್ಳುವವರು ಯಾರೂ ನೋಡುವುದಿಲ್ಲ, ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಮೂರು ತುಂಡು ಅಂದರೆ ಎರಡು ಸಂದು. ವೆಲ್ಕ್ರೋ ಪಟ್ಟಿಯಿಂದ ಜೋಡಿಸುವ ವ್ಯವಸ್ಥೆ ಕೊಟ್ಟಿದ್ದಾರೆ. ಹತ್ತಾರು ಮಕ್ಕಳು ಹಾರಿದ ಮೇಲೆ ವೆಲ್ಕ್ರೋ ಬಿಡುತ್ತದೆ, ತುಂಡುಗಳು ಮೆಲ್ಲಗೆ ದೂರ ಸರಿಯುತ್ತವೆ. ಅಂಗೈ ಅಗಲದ ಸಂದು ಸಾಕು, ಪಾದ ಒಳಗೆ ಇಳಿದು ಕಣಕಾಲು ತಿರುಚುತ್ತದೆ. ಗಟ್ಟಿ ಕಾಲಿನ ಮಗು ಹೇಗೋ ಎಳೆದುಕೊಳ್ಳುತ್ತದೆ. ಪಾದದ ಮೇಲೆ ಹಿಡಿತವೇ ಇಲ್ಲದ ಮಗು ಎಳೆದುಕೊಳ್ಳಲಾರದು.

ನಮ್ಮ ಹುಡುಗನಿಗೆ ಬಲಗಾಲು ಗಟ್ಟಿ. ಹಾಗಾಗಿ ಅವನು ಎಡಗಡೆಯಿಂದ ಓಡಿ ಬರುತ್ತಾನೆ. ಆಗ ಬಲಗಾಲು ಬಾರ್‌ನಿಂದ ದೂರ ಇರುತ್ತದೆ. ಎಡಗಡೆಯಿಂದ ಬಂದವನು ಬೀಳುವುದು ನಡುವಿಗಿಂತ ಬಲಕ್ಕೆ. ಅಳೆದು ನೋಡಿದರೆ ಬಲದ ಸಂದು ಸರಿಯಾಗಿ ಅಲ್ಲೇ ಇತ್ತು. ಪರಿಹಾರ ಕಷ್ಟದ್ದೇನಲ್ಲ. ಅವನ ಸರದಿ ಬಂದಾಗ ಇಡೀ ಬೆಡ್ಡನ್ನು ಒಂದು ಮೊಳ ಬಲಕ್ಕೆ ಎಳೆಯುತ್ತೇವೆ. ಜೊತೆಗೆ ಮೂರೂ ತುಂಡುಗಳನ್ನು ಸುತ್ತುಗಟ್ಟಿ ನೈಲಾನ್ ಹಗ್ಗದಿಂದ ಬಿಗಿದಿದ್ದೇವೆ, ಲಾರಿಯವರು ಹಾಕುವ ಗಂಟು. ಅದನ್ನು ಹಾಕಿಕೊಟ್ಟದ್ದು ಒಬ್ಬ ಮಗುವಿನ ಅಪ್ಪ, ಲಾರಿ ಡ್ರೈವರ್. ಮೇಲೆ ಹಾಸುವ ಶೀಟ್ ಒಂದೇ ತುಂಡಿನದಾಗಿರುವುದು ಈ ಸೆಟ್ಟಿನ ಅತ್ಯುತ್ತಮ ಅಂಶ. ಅದು ಎರಡೂ ಸಂದನ್ನು ಮುಚ್ಚುತ್ತದೆ. ಕೆಲವರು ದುಡ್ಡು ಉಳಿಸಲು ಈ ಶೀಟ್ ಬೇಡ ಎನ್ನುತ್ತಾರೆ. ದಯವಿಟ್ಟು ಬಿಡಬೇಡಿ. ಬೇಕಾದರೆ ಸ್ಟ್ಯಾಂಡ್ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ, ಶೀಟ್ ಕೊಳ್ಳಿ.

ಫೋಮ್ ಬರುವ ಮುಂಚೆ ಜಗತ್ತೆಲ್ಲ ಹೀಗೆಯೇ ಮರಳು, ಮರದ ಹೊಟ್ಟಿನ ಮೇಲೆ ಬೀಳುತ್ತಿತ್ತು. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ 2.24 ಮೀಟರ್ ಹಾರಿ ಚಿನ್ನ ಗೆದ್ದರಲ್ಲ, ಬೆನ್ನಿನ ಮೇಲೆ ಬೀಳುವ ಆ ವಿಧಾನ ಉಳಿದು ಬೆಳೆದದ್ದು ಮೆತ್ತನೆಯ ಬೆಡ್ ಇದ್ದ ಕಾರಣಕ್ಕೆ. ಪ್ಯಾರಾ ಹೈಜಂಪ್ ಚರಿತ್ರೆಯಲ್ಲಿ ನನಗೆ ಬಲು ಇಷ್ಟವಾದ ಹೆಸರು ಕೆನಡಾದ ಆರ್ನಿ ಬೋಲ್ಟ್. ಮೂರು ವರ್ಷದ ಮಗುವಾಗಿದ್ದಾಗ ಧಾನ್ಯ ಸಾಗಿಸುವ ಯಂತ್ರಕ್ಕೆ ಸಿಕ್ಕಿ ಕಾಲು ಹೋಯಿತು. ಒಕ್ಕಣೆ ಕಾಲದಲ್ಲಿ ಯಂತ್ರದ ಹತ್ತಿರ ಮಕ್ಕಳನ್ನು ಬಿಡಬೇಡಿ ಎಂದು ನಾವು ಕೂಗಿಕೊಳ್ಳುವುದು ಸುಮ್ಮನೆ ಅಲ್ಲ. ಅದೇ ಬೋಲ್ಟ್ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತಾ ಓಡಿ ಬಂದು 1976ರ ಟೊರಾಂಟೊ ಪ್ಯಾರಾಲಿಂಪಿಕ್ಸ್‌ನಲ್ಲಿ 1.86 ಮೀಟರ್, 1980ರಲ್ಲಿ ಅರ್ನೆಮ್‌ನಲ್ಲಿ 1.96 ಮೀಟರ್, ಮರುವರ್ಷ ರೋಮ್‌ನಲ್ಲಿ 2.04 ಮೀಟರ್ ದಾಟಿದರು. ಹಾರಿದ ಮೇಲೆ ಇಳಿಯಲು ಇನ್ನೊಂದು ಕಾಲೇ ಇಲ್ಲ. ಮೈಯನ್ನೇ ಬೆಡ್ಡಿಗೆ ಒಪ್ಪಿಸಬೇಕು. ಮರಳಿನ ಪಿಟ್ಟಿನಲ್ಲಿ ಅಷ್ಟು ಎತ್ತರದಿಂದ ಬೀಳಲು ಯಾರಿಗೆ ಮನಸ್ಸು ಬಂದೀತು?

ಲಂಡನ್ನಿನಲ್ಲಿ ಗಿರೀಶ್ ಅವರ ಎದುರಾಳಿಯಾಗಿದ್ದ ಫಿಜಿಯ ಇಲಿಯೇಸಾ ಡೆಲಾನ ಕೂಡ ಹಾಗೆಯೇ, ಕೃತಕ ಕಾಲಿಲ್ಲದೆ ಒಂಟಿ ಕಾಲಿನಲ್ಲಿ ಕುಪ್ಪಳಿಸಿ ಬಂದವರು. ಇಬ್ಬರೂ ದಾಟಿದ ಎತ್ತರ 1.74 ಮೀಟರ್. ಎತ್ತರ ಸಮವಾದಾಗ ಯಾರು ಕಡಿಮೆ ಸಲ ಬಾರ್ ಬೀಳಿಸಿದ್ದಾರೆ ಎಂದು ಹಿಂದಕ್ಕೆ ಎಣಿಸುತ್ತಾರೆ. ಮೊದಲು ಕೊನೆಯದಾಗಿ ದಾಟಿದ ಎತ್ತರದಲ್ಲಿ, ಅಲ್ಲೂ ಸಮವಾದರೆ ಅಲ್ಲಿಯವರೆಗಿನ ಒಟ್ಟು ಲೆಕ್ಕದಲ್ಲಿ. ಹಾಗೆ ಚಿನ್ನ ಫಿಜಿಗೆ ಹೋಯಿತು. ಆ ದ್ವೀಪದೇಶಕ್ಕೆ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಸೇರಿ ಅದೇ ಮೊದಲ ಪದಕ. ಆ ದೇಶ ಡೆಲಾನ ಅವರ ಗೆಲುವಿನ ನೆನಪಿಗೆ 50 ಸೆಂಟಿನ ನಾಣ್ಯವನ್ನೇ ಹೊರಡಿಸಿತು. ನಾನು ಮಕ್ಕಳಿಗೆ ಇದನ್ನು ಹೇಳುವುದು ಬೇರೆ ಕಾರಣಕ್ಕೆ. "ಮೂರು ಅವಕಾಶ ಇದೆ, ಮೊದಲನೇದು ಹೋದ್ರೆ ಹೋಗ್ಲಿ" ಎನ್ನುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಬಹಳ. ಒಂದು ಸಲ ಬೀಳಿಸಿದ್ದು ಪದಕದ ಬಣ್ಣ ಬದಲಿಸಬಹುದು ಎಂದು ಗಿರೀಶ್ ಅವರ ಲೆಕ್ಕ ತೋರಿಸಿದ ಮೇಲೆ ಮಕ್ಕಳ ಓಟವೇ ಬದಲಾಯಿತು. ಆ ದಿನ ನಮ್ಮ ಹುಡುಗ ಪಕ್ಕಕ್ಕೆ ಬಂದು ಕೇಳಿದ್ದು: "ಮಿಸ್, ಗಿರೀಶಣ್ಣ ನಿಜವಾಗ್ಲೂ ನಮ್ ಜಿಲ್ಲೆಯವ್ರಾ?"

ಹೊದಿಕೆಯ ವಿಷಯಕ್ಕೆ ಬರುತ್ತೇನೆ. ಮೇಲಿನ ರೆಕ್ಸಿನ್ ದಪ್ಪವಾಗಿದೆ, ಹೊಲಿಗೆ ಎರಡು ಸಾಲು, ಇನ್ನೂ ಬಿಟ್ಟಿಲ್ಲ. ಬದಿಗಳಲ್ಲಿ ಬಲೆಯ ಕಿಂಡಿ ಇಟ್ಟಿದ್ದಾರೆ, ಬಿದ್ದಾಗ ಗಾಳಿ ಅಲ್ಲಿಂದ ಹೊರಹೋಗಬೇಕು. ಈ ಕಿಂಡಿ ಇಲ್ಲದ ಬೆಡ್ ಮಗುವನ್ನು ವಾಪಸ್ ಎಸೆಯುತ್ತದೆ, ಅದೂ ಅಪಾಯವೇ. ಜಿಪ್ ಮಾತ್ರ ಕಳಪೆ, ಒಂದು ಕಡೆಯದು ತುಕ್ಕು ಹಿಡಿದು ನಿಂತಿದೆ. ದೊಡ್ಡ ಕೊರತೆ ಮಳೆಯ ಹೊದಿಕೆಯದು. ಸೆಟ್ಟಿನ ಜೊತೆ ಕೊಡುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ನಮ್ಮ ಕಡೆಯ ಮುಂಗಾರಿನಲ್ಲಿ ಅದಿಲ್ಲದೆ ಬೆಡ್ ಒಂದು ವಾರವೂ ಉಳಿಯದು. ನಾವು ಗದ್ದೆಗೆ ಹಾಕುವ ಟಾರ್ಪಾಲನ್ನೇ ಮೇಲೆ ಎಳೆದು, ಕೆಳಗೆ ಮರದ ಹಲಗೆಗಳನ್ನು ಕೊಟ್ಟು ನೆಲದಿಂದ ಒಂದು ಗೇಣು ಎತ್ತರಿಸಿದ್ದೇವೆ. ನೆಲದ ಮೇಲೆ ನೇರ ಇಟ್ಟರೆ ತೇವ ಹಿಡಿದು ಬುಡ ಕೊಳೆಯುತ್ತದೆ, ಇಲಿಗಳೂ ಸೇರುತ್ತವೆ.

ಮಳೆ ಎಂದಾಗ ಮಾರಿಯಪ್ಪನ್ ನೆನಪಾಗದೆ ಇರುವುದಿಲ್ಲ. 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್ ಫೈನಲ್ ನಡೆದದ್ದು ಮಳೆಯಲ್ಲಿ. ಮೊದಲು ಹನಿ, ಎತ್ತರ ಏರಿದಂತೆ ಜೋರು. ಊನವಿರುವ ಕಾಲಿಗೆ ಅವರು ತೊಟ್ಟ ಕಾಲುಚೀಲ ನೆನೆಯಿತು, ಅದರಿಂದ ಜಿಗಿಯುವುದು ಕಷ್ಟವಾಯಿತು ಎಂದು ಆಮೇಲೆ ಅವರೇ ಹೇಳಿದರು. 1.86 ಮೀಟರ್‌ಗೆ ಬೆಳ್ಳಿ ಬಂತು. 1.88 ದಾಟಿದ ಅಮೆರಿಕದ ಸ್ಯಾಮ್ ಗ್ರೀವ್ ಚಿನ್ನ ಗೆದ್ದರು, ನಮ್ಮವರೇ ಆದ ಶರದ್ ಕುಮಾರ್ 1.83ಕ್ಕೆ ಕಂಚು. ನೋಡುವವರಿಗೆ ನೆನೆದ ಕಾಲುಚೀಲ ಸಣ್ಣ ವಿಷಯ. ಊನವಿರುವ ಕಾಲು ಇರುವ ಮಗುವಿನ ಜೊತೆ ದಿನವೂ ಕೆಲಸ ಮಾಡುವವರಿಗೆ ಗೊತ್ತು: ಆ ಪಾದಕ್ಕೆ ಸರಿಹೊಂದುವ ಬೂಟು ಅಂಗಡಿಯಲ್ಲಿ ಸಿಗುವುದಿಲ್ಲ, ಕಾಲುಚೀಲ, ಬಟ್ಟೆ, ಪಟ್ಟಿಯೇ ಅದರ ಬೂಟು. ಅದು ಒದ್ದೆಯಾದರೆ ನೆಲದ ಹಿಡಿತ ಹೋಗುತ್ತದೆ. ಟೋಕಿಯೊ ಮಾತು ಓದಿದ ಮೇಲೆ ನಮ್ಮ ಹುಡುಗನ ಚೀಲದಲ್ಲಿ ಯಾವಾಗಲೂ ಒಣಗಿದ ಇನ್ನೊಂದು ಜೊತೆ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಬೆಡ್ ಒದ್ದೆಯಿದ್ದರೆ ಆ ದಿನ ಅವನಿಗೆ ಬರೀ ಓಟದ ಅಭ್ಯಾಸ.

ಮಾರಿಯಪ್ಪನ್ ಅವರದು ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿ. ಐದು ವರ್ಷದವರಾಗಿದ್ದಾಗ ಶಾಲೆಗೆ ನಡೆದು ಹೋಗುವಾಗ ಬಸ್ಸು ಹರಿದು ಬಲಗಾಲು ಮಂಡಿಯಿಂದ ಕೆಳಗೆ ನಜ್ಜುಗುಜ್ಜಾಯಿತು. ತಾಯಿ ಒಬ್ಬರೇ ಮಕ್ಕಳನ್ನು ಸಾಕಿದರು, ಇಟ್ಟಿಗೆ ಹೊತ್ತರು, ತರಕಾರಿ ಮಾರಿದರು, ಮಗನ ಚಿಕಿತ್ಸೆಗೆ ಸಾಲ ಮಾಡಿದರು. ಆ ಹುಡುಗನಿಗೆ ಮೊದಲು ಇಷ್ಟವಿದ್ದದ್ದು ವಾಲಿಬಾಲ್. ಅವರನ್ನು ಹೈಜಂಪ್ ಕಡೆಗೆ ತಿರುಗಿಸಿದ್ದು ಅವರ ಶಾಲೆಯ ದೈಹಿಕ ಶಿಕ್ಷಕರು. ಹದಿನಾಲ್ಕನೇ ವಯಸ್ಸಿನಲ್ಲಿ, ಕಾಲು ಸರಿಯಿದ್ದ ಮಕ್ಕಳ ಜೊತೆಯೇ ಸ್ಪರ್ಧಿಸಿ ಎರಡನೆಯವರಾದರು. ಈ ಭಾಗ ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಆ ಶಿಕ್ಷಕರು ಅವತ್ತು "ನೀನು ಸ್ಕೋರ್ ಬರ್ಕೊಳೋ" ಎಂದು ಪಕ್ಕದಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು? ನಮ್ಮ ಎಷ್ಟೋ ಮೈದಾನಗಳಲ್ಲಿ ವಿಕಲಚೇತನ ಮಕ್ಕಳಿಗೆ ಸಿಗುವ ಕೆಲಸ ಅದೇ: ಸ್ಕೋರ್ ಬರೆಯುವುದು, ಬ್ಯಾಗು ಕಾಯುವುದು, ನೀರು ಕೊಡುವುದು.

2013ರ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದಲ್ಲಿ ಮಾರಿಯಪ್ಪನ್ ಅವರನ್ನು ಗುರುತಿಸಿದ್ದು ಕೋಚ್ ಸತ್ಯನಾರಾಯಣ. 2015ರಲ್ಲಿ ತರಬೇತಿಗೆ ಬೆಂಗಳೂರಿಗೆ ಕರೆತಂದರು. ಮರುವರ್ಷ ಟುನೀಸಿಯಾದಲ್ಲಿ 1.78 ಮೀಟರ್ ಹಾರಿ ಅರ್ಹತೆ, ಅದೇ ಸೆಪ್ಟೆಂಬರಿನಲ್ಲಿ ರಿಯೊದಲ್ಲಿ 1.89 ಮೀಟರ್, ಚಿನ್ನ. ಅದೇ ಸ್ಪರ್ಧೆಯಲ್ಲಿ ವರುಣ್ ಸಿಂಗ್ ಭಾಟಿ 1.86ಕ್ಕೆ ಕಂಚು ಗೆದ್ದರು. ಆಮೇಲೆ ಟೋಕಿಯೊದ ಬೆಳ್ಳಿ, 2024ರಲ್ಲಿ ಕೋಬೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.88ಕ್ಕೆ ಚಿನ್ನ, ಅದೇ ವರ್ಷ ಪ್ಯಾರಿಸ್‌ನಲ್ಲಿ 1.85ಕ್ಕೆ ಕಂಚು. ಸತತ ಮೂರು ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಅವರು. ಪದ್ಮಶ್ರೀ, ಖೇಲ್ ರತ್ನ ಬಂದಿವೆ. ರಿಯೊದ ಬಹುಮಾನದ ಹಣದಲ್ಲಿ 30 ಲಕ್ಷ ರೂಪಾಯಿಯನ್ನು ತಾನು ಓದಿದ ಸರ್ಕಾರಿ ಶಾಲೆಗೆ ಕೊಟ್ಟರು. ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ನಾನು ಚಂದಾ ಕೇಳಿದಾಗ ಹಾಕಿದ್ದು ಈ ಒಂದೇ ಸಾಲು.

ಸ್ಟ್ಯಾಂಡ್, ಬಾರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಾರ್ 4 ಮೀಟರ್ ಉದ್ದ, ತೂಕ 2 ಕೆ.ಜಿ. ಮೀರಬಾರದು. ಮೊದಲು ಬಂದದ್ದು ದಾರಿಯಲ್ಲಿ ಬಾಗಿತ್ತು. ಫೋಟೋ ಕಳಿಸಿದ ಮೇಲೆ ತಕರಾರಿಲ್ಲದೆ ಬದಲಾಯಿಸಿ ಕೊಟ್ಟರು. ಬಾರ್ ತುದಿಗೆ ರಬ್ಬರ್ ಸುತ್ತಿದ್ದರೆ ಬಿಚ್ಚಿಬಿಡಿ, ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಬಾರ್ ತಾಗಿದರೂ ಬೀಳದೆ ನಿಲ್ಲುತ್ತದೆ. ಮಗುವಿನ ಕಾಲು ಸಿಕ್ಕಿಕೊಂಡಾಗ ಬಾರ್ ಸುಲಭವಾಗಿ ಬಿದ್ದು ಹೋಗಬೇಕು, ಊನವಿರುವ ಕಾಲಿಗಂತೂ ಇದು ತೀರಾ ಮುಖ್ಯ. ಸ್ಟ್ಯಾಂಡಿನಲ್ಲಿ ಬಾರ್ ಕೂರುವ ಚಪ್ಪಟೆ ಪಟ್ಟಿಗಳು ಎದುರಿನ ಸ್ಟ್ಯಾಂಡಿನ ಕಡೆ ಮುಖ ಮಾಡಿರಬೇಕು. ನಮ್ಮ ಸೆಟ್ಟಿನಲ್ಲಿ ಒಂದು ತಿರುಗಿಸಿ ಬೆಸುಗೆ ಹಾಕಿತ್ತು, ಊರಲ್ಲೇ ಸರಿಮಾಡಿಸಿದೆವು. ಸ್ಟ್ಯಾಂಡಿನ ಮೇಲೆ ಅಚ್ಚು ಹಾಕಿದ ಅಳತೆಯನ್ನು ನಂಬಬೇಡಿ. ಸ್ಟೀಲ್ ಟೇಪ್ ಹಿಡಿದು ಬಾರಿನ ನಡುವೆ, ಮೇಲಂಚು ಎಲ್ಲಿ ಅತಿ ತಗ್ಗಿದೆಯೋ ಅಲ್ಲಿ ನೆಲದಿಂದ ಅಳೆಯಿರಿ. ನಮ್ಮದರಲ್ಲಿ ಅಚ್ಚಿನ ಅಳತೆ ಒಂದು ಬೆರಳಿನಷ್ಟು ಹೆಚ್ಚು ತೋರಿಸುತ್ತದೆ. ಸ್ಟ್ಯಾಂಡಿಗೂ ಬೆಡ್ಡಿಗೂ ನಡುವೆ ಕನಿಷ್ಠ 10 ಸೆಂ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಬೆಡ್ ಉಬ್ಬಿ ಸ್ಟ್ಯಾಂಡನ್ನು ತಳ್ಳುತ್ತದೆ, ಹಾರಿದವರ ತಪ್ಪಿಲ್ಲದೆ ಬಾರ್ ಬೀಳುತ್ತದೆ.

ಹುಡುಗ ಹೇಗಿದ್ದಾನೆ ಎಂದು ಕೇಳುತ್ತೀರಿ. ಮೊದಲ ತಿಂಗಳು ಬಾರನ್ನೇ ಇಡಲಿಲ್ಲ. ಬೆಡ್ಡಿನ ಅಂಚಿನಲ್ಲಿ ನಿಂತು ಹಿಂದಕ್ಕೆ ಕೂರುವ ಹಾಗೆ ಬೀಳುವುದು, ಎಡಗಾಲು ತಾಗಿದ ಕೂಡಲೇ ಮಂಡಿ ಮಡಿಸಿ ಭಾರವನ್ನು ಸೊಂಟಕ್ಕೆ, ಅಲ್ಲಿಂದ ಬೆನ್ನಿಗೆ ದಾಟಿಸುವುದು, ಇಷ್ಟೇ. ಬೀಳುವುದು ಬಂದ ಮೇಲೆ ಭಯ ಹೋಯಿತು. ಭಯ ಹೋದ ಮೇಲೆ ಓಟ ತಾನಾಗಿ ಜೋರಾಯಿತು. ಆಮೇಲೆ ಅವನ ವೇಗಕ್ಕೆ ಬಾರ್ ಏರಿಸುವುದೇ ನನ್ನ ಕೆಲಸವಾಯಿತು. ಅವನು ನೆಲ ಒದೆಯುವ ಬಲಗಾಲಿನಲ್ಲಿ ಇಷ್ಟು ದಿನ ಇಡೀ ಮೈ ಹೊತ್ತು ನಡೆದ ಶಕ್ತಿ ಇದೆ. ಹೋಬಳಿ ಮಟ್ಟದಲ್ಲಿ ಎಲ್ಲ ಮಕ್ಕಳ ಜೊತೆಯೇ ಹಾರಿದ, ಫೈನಲ್‌ವರೆಗೆ ಉಳಿದ.

ಅವನ ತಂದೆತಾಯಿ ಕೇಳಿದ ಪ್ರಶ್ನೆ ಬೇರೆ ಪೋಷಕರಿಗೂ ಬರುತ್ತದೆ, ಅದಕ್ಕೆ ಇಲ್ಲೇ ಉತ್ತರಿಸುತ್ತೇನೆ. ವಿಕಲಚೇತನರ ಗುರುತಿನ ಚೀಟಿಯಲ್ಲಿರುವ ಶೇಕಡಾವಾರು ಬೇರೆ, ಪ್ಯಾರಾ ಕ್ರೀಡೆಯ ವರ್ಗೀಕರಣ ಬೇರೆ. ಕ್ರೀಡೆಯಲ್ಲಿ ತರಬೇತಿ ಪಡೆದ ವರ್ಗೀಕರಣಕಾರರು ಪರೀಕ್ಷಿಸಿ ವಿಭಾಗ ನಿರ್ಧರಿಸುತ್ತಾರೆ. ಕೃತಕ ಕಾಲಿಲ್ಲದೆ ಸ್ಪರ್ಧಿಸುವ, ಕಾಲಿನ ಊನ ಹೆಚ್ಚಿರುವವರಿಗೆ ಟಿ42. ಮಂಡಿಯ ಮೇಲಿನವರೆಗೆ ಕಾಲಿಲ್ಲದೆ ಕೃತಕ ಕಾಲು ಹಾಕಿ ಸ್ಪರ್ಧಿಸುವವರಿಗೆ ಟಿ63. ದೊಡ್ಡ ಕೂಟಗಳಲ್ಲಿ ಈ ಎರಡನ್ನೂ ಸೇರಿಸಿ ನಡೆಸುವುದುಂಟು. ಹಾಗಾಗಿಯೇ ಪ್ಯಾರಿಸ್‌ನಲ್ಲಿ ಕೃತಕ ಕಾಲಿನಲ್ಲಿ ಹಾರಿ 1.94ಕ್ಕೆ ಚಿನ್ನ ಗೆದ್ದ ಅಮೆರಿಕದ ಎಜ್ರಾ ಫ್ರೆಕ್, 1.88ಕ್ಕೆ ಬೆಳ್ಳಿ ಗೆದ್ದ ಶರದ್ ಕುಮಾರ್, ಮಾರಿಯಪ್ಪನ್ ಮೂವರೂ ಒಂದೇ ಫೈನಲ್‌ನಲ್ಲಿದ್ದರು. ಕೈಯ ಊನಕ್ಕೆ ಟಿ47, ಅದರಲ್ಲಿ ನಿಷಾದ್ ಕುಮಾರ್ ಟೋಕಿಯೊದಲ್ಲಿ 2.06 ಹಾರಿದ್ದಾರೆ. ಮಂಡಿಯಿಂದ ಕೆಳಗೆ ಕಾಲಿನ ಊನವಿರುವವರ ಟಿ64ರಲ್ಲಿ ಪ್ರವೀಣ್ ಕುಮಾರ್ ಪ್ಯಾರಿಸ್‌ನಲ್ಲಿ 2.08 ಹಾರಿ ಚಿನ್ನ ತಂದಿದ್ದಾರೆ. ಕಾಲಿನ ಊನವಿರುವ ಮಗುವಿಗೆ ಚೆಸ್, ಕೇರಂ ಮಾತ್ರ ಎಂದುಕೊಂಡವರಿಗೆ ಈ ಎತ್ತರಗಳನ್ನು ಗೋಡೆಯ ಮೇಲೆ ಗೆರೆ ಎಳೆದು ತೋರಿಸಿ. ನಮ್ಮ ಕ್ರೀಡಾ ಕೊಠಡಿಯ ಗೋಡೆಯಲ್ಲಿ 1.74ರಲ್ಲಿ ಒಂದು ಗೆರೆ ಇದೆ. ಅದು ಶಾಲೆಯ ಬಹುತೇಕ ಶಿಕ್ಷಕರ ತಲೆಗಿಂತ ಮೇಲಿದೆ.

ಒಟ್ಟಾರೆ ಅಂಕ ಕೊಡಬೇಕಾದರೆ ಬೆಡ್ಡಿಗೆ ಐದಕ್ಕೆ ಮೂರೂವರೆ, ಮೇಲಿನ ಶೀಟಿಗೆ ಐದಕ್ಕೆ ಐದು, ಸ್ಟ್ಯಾಂಡಿಗೆ ಎರಡು. ಮಾರಿದ ಮೇಲಿನ ಸೇವೆಗೆ ನಾಲ್ಕು, ಫೋನ್ ಎತ್ತುತ್ತಾರೆ, ಹೇಳಿದ್ದನ್ನು ಕಳಿಸುತ್ತಾರೆ. ಸಾಗಾಣಿಕೆ ಮಾತ್ರ ತಾಲ್ಲೂಕು ಕೇಂದ್ರದ ಗೋದಾಮಿನವರೆಗೆ, ಅಲ್ಲಿಂದ ಶಾಲೆಗೆ ತರಲು ಟ್ರ್ಯಾಕ್ಟರ್ ನಮ್ಮದೇ. ಆರ್ಡರ್ ಕೊಡುವ ಮುಂಚೆ ಮೂರು ವಿಷಯ ಬಿಲ್ಲಿನಲ್ಲಿ ಬರೆಸಿಕೊಳ್ಳಿ: ಫೋಮಿನ ಡೆನ್ಸಿಟಿ, ತುಂಡುಗಳ ಒಳಗೆ ಅಂಟಿಸಿದ ಚೂರು ಇಲ್ಲ ಎನ್ನುವುದು, ಮೇಲಿನ ಶೀಟ್ ಒಂದೇ ತುಂಡಿನದು ಎನ್ನುವುದು. ದುಡ್ಡು ಅರ್ಧವೇ ಇದ್ದರೆ ಈ ವರ್ಷ ಬೆಡ್, ಶೀಟ್ ಕೊಂಡು ಬಿದಿರಿನ ಗಳ ಇಟ್ಟು ಹಾರಿಸಿ, ಬಾರ್ ಸ್ಟ್ಯಾಂಡ್ ಮುಂದಿನ ವರ್ಷ ಕೊಳ್ಳಿ.